ಮಠದ ಬಿಯರು, ಮರದ ಹೆಂಡ

2016ರಲ್ಲಿ ನಾನು ಹೈದರಾಬಾದಿಗೆ ವರ್ಗವಾಗಿ ಬಂದು ದಿಲ್‌ಸುಖ್‌ನಗರದಲ್ಲಿ ಮನೆ ಮಾಡಿದ ಹೊಸದು. ಕನ್ನಡ ಓದಲು ಬಂದರೆ ತೆಲುಗು ಲಿಪಿ ಮುಕ್ಕಾಲು ಬಂದ ಹಾಗೆಯೇ. ಆ ಧೈರ್ಯದಲ್ಲಿ ಬಸ್ಸಿನ ಕಿಟಕಿಯಿಂದ ಬೋರ್ಡುಗಳನ್ನು ಓದಿಕೊಂಡು ಓಡಾಡುತ್ತಿದ್ದೆ. ಒಂದು ಕಡೆ ‘ಕಲ್ಲು ಕಾಂಪೌಂಡ್’ ಎಂದಿತ್ತು. ಯಾರೋ ಚಪ್ಪಡಿ ಕಲ್ಲಿನ ವ್ಯಾಪಾರಿ, ಕಾಂಪೌಂಡ್ ಕಟ್ಟಿಸಿಕೊಡುತ್ತಾನೆ ಅಂದುಕೊಂಡೆ. ಮಾರನೇ ದಿನ ಬ್ಯಾಂಕಿನಲ್ಲಿ ಹೇಳಿದರೆ ಕ್ಯಾಶಿಯರು ಬಿದ್ದು ಬಿದ್ದು ನಕ್ಕರು. “ಸಾರ್, ಅಲ್ಲಿ ಕಟ್ಟೋದಲ್ಲ, ಕುಡಿಯೋದು!”

ತೆಲುಗಿನ ಕಲ್ಲು ಎಂದರೆ ನಮ್ಮ ಕಳ್ಳು. ನಮ್ಮ ಚಿತ್ರದುರ್ಗದ ಕಡೆ ಹೆಂಡ, ರಾಯಚೂರು ಕಡೆ ಸೇಂದಿ. ಇನ್ನೊಂದು ಪಾಠವನ್ನೂ ಅದೇ ವಾರ ಕಲಿತೆ. ಇಲ್ಲಿ ಗೌಡ ಎಂದರೆ ಊರ ಯಜಮಾನನಲ್ಲ, ಮರ ಹತ್ತಿ ಕಳ್ಳು ಇಳಿಸುವ ಸಮುದಾಯದವರು. ಹೆಸರಿನ ಕೊನೆಗೆ ಗೌಡ್ ಎಂದು ನೆಟ್ಟಗೆ ಬರೆದುಕೊಳ್ಳುತ್ತಾರೆ. ಅವರಲ್ಲಿ ಮಂತ್ರಿಗಳಾದವರಿದ್ದಾರೆ. ಮರದಿಂದ ಬಿದ್ದು ಸಾಯುವುದನ್ನು ತಪ್ಪಿಸಲು ‘ಕಾಟಮಯ್ಯ ರಕ್ಷಾ ಕವಚ’ ಎಂಬ ಸುರಕ್ಷಾ ಕಿಟ್ಟನ್ನು 2024ರ ಜುಲೈನಲ್ಲಿ ಇಲ್ಲಿನ ಮುಖ್ಯಮಂತ್ರಿಯೇ ಬಂದು ಹಂಚಿದರು. ನಮ್ಮ ಮನೆಯ ಮುಂದಿನ ವಿಜಯವಾಡ ರಸ್ತೆಯಲ್ಲೇ ಹೋದರೆ ಅಬ್ದುಲ್ಲಾಪುರ್‌ಮೆಟ್ ಮಂಡಲ, ಅಲ್ಲಿ ಆ ಕಾರ್ಯಕ್ರಮ.

ಹೊರನಾಡಿನವರು ಬರೆಯಲು ಕೂತರೆ ಊರಿನ ರಾಗಿಮುದ್ದೆ, ಅಮ್ಮನ ಸಾರು ನೆನೆದು ಕಣ್ಣೊರೆಸಿಕೊಳ್ಳುವುದು ವಾಡಿಕೆ. ನನಗೂ ಆ ನೆನಪುಗಳಿವೆ. ಆದರೆ ಈ ಲೇಖನದಲ್ಲಿ ನಾನು ನಿಮ್ಮ ಹತ್ತಿರ ಜಗಳಕ್ಕೆ ಬಂದಿದ್ದೇನೆ. ಊರಲ್ಲಿರುವ ಓದುಗರು ದಯವಿಟ್ಟು ಕೊನೆಯವರೆಗೂ ಕೇಳಬೇಕು.

ಹೋದ ವರ್ಷ ನನ್ನ ಮಗನಿಗೆ ಬಡ್ತಿ ಸಿಕ್ಕಿತು. ಅವನ ಆಫೀಸು ಹೈಟೆಕ್ ಸಿಟಿ ಕಡೆ. “ಅಪ್ಪ, ಯಾವಾಗ್ಲೂ ಆ ದಿಲ್‌ಸುಖ್‌ನಗರ ಬಿಟ್ಟು ಆಚೆ ಬರಲ್ಲ ನೀನು, ಒಂದ್ಸಲ ಈ ಕಡೆ ಬಾ” ಅಂದ. ದಿಲ್‌ಸುಖ್‌ನಗರದಲ್ಲಿ ಮೆಟ್ರೋ ಹತ್ತಿ, ಅಮೀರ್‌ಪೇಟೆಯಲ್ಲಿ ಲೈನು ಬದಲಿಸಿ, ರಾಯದುರ್ಗಂನಲ್ಲಿ ಇಳಿದೆ. ಒಂದು ತುದಿಯಲ್ಲಿ ಕೋಚಿಂಗ್ ಸೆಂಟರು, ಹಾಸ್ಟೆಲ್ಲು, ಸಾಯಿಬಾಬಾ ಗುಡಿ. ಇನ್ನೊಂದು ತುದಿಯಲ್ಲಿ ಬರೀ ಗಾಜು. ಅಂಥ ಒಂದು ಗಾಜಿನ ಕಟ್ಟಡದ ನೆತ್ತಿಯ ಮೇಲೆ ಕರೆದುಕೊಂಡು ಹೋದ. ಗಾಜಿನ ಗೋಡೆಯ ಹಿಂದೆ ದೇವಸ್ಥಾನದ ಗಂಟೆಗಿಂತ ಚೆನ್ನಾಗಿ ಉಜ್ಜಿದ ಸ್ಟೀಲ್ ಟ್ಯಾಂಕುಗಳು. ಅದು ಬ್ರೂಪಬ್, ತಾನೇ ಬಿಯರು ಮಾಡಿ ತಾನೇ ಮಾರುವ ಜಾಗ.

ಮೆನು ಕಾರ್ಡು ಸಣ್ಣ ಪುಸ್ತಕದಂತಿತ್ತು. ಮಗ ನನಗೆ ಬೆಲ್ಜಿಯನ್ ಶೈಲಿಯ ಡಾರ್ಕ್ ಏಲ್ ಹೇಳಿದ. ಅದರ ಕೆಳಗೆ ಒಂದು ಪ್ಯಾರಾ ಪುರಾಣ: ಬೆಲ್ಜಿಯಂನ ಮಠ, ಮೌನವ್ರತದ ಸನ್ಯಾಸಿಗಳು, ಶತಮಾನಗಳ ಪರಂಪರೆ. ಗ್ಲಾಸು ಬಂತು. ಕಾಫಿ ಡಿಕಾಕ್ಷನ್ನಿಗೆ ಕೆಂಪು ಬೆರೆಸಿದ ಬಣ್ಣ, ಮೇಲೆ ಹಾಲಿನ ಕೆನೆಯಂಥ ನೊರೆ. ಮೂಗಿನ ಹತ್ತಿರ ತಂದರೆ ಸುಟ್ಟ ಬೆಲ್ಲ, ಒಣದ್ರಾಕ್ಷಿ, ಎಲ್ಲೋ ಒಂದೆಳೆ ಲವಂಗ. ಚೆನ್ನಾಗಿತ್ತು. ಸುಳ್ಳು ಯಾಕೆ ಹೇಳಲಿ, ಬಹಳ ಚೆನ್ನಾಗಿತ್ತು. ನಾನು ಮಡಿವಂತನೇನಲ್ಲ. ಬ್ಯಾಂಕಿನ ಬೀಳ್ಕೊಡುಗೆ ಪಾರ್ಟಿಗಳಲ್ಲಿ ಒಂದು ಬಾಟಲಿ ಬಿಯರು ಹಂಚಿಕೊಂಡು ಕುಡಿದವನೇ.

ಆ ಮೆನುವಿನ ಪುರಾಣವನ್ನು ಮನೆಗೆ ಬಂದು ಓದಿ ನೋಡಿದೆ. ಲೆಕ್ಕ ತಾಳೆ ನೋಡುವ ಚಟ. ಪುರಾಣ ಪೂರ್ತಿ ಸುಳ್ಳಲ್ಲ. ವೆಸ್ಟ್‌ಮಾಲೆ ಎಂಬ ಮಠದ ಸನ್ಯಾಸಿಗಳು 1836ರಿಂದ ಬಿಯರು ಮಾಡುತ್ತಿದ್ದಾರೆ. 1926ರಲ್ಲಿ ಅವರು ಹೊಸ ಹದದಲ್ಲಿ ಮಾಡಿದ ಕಪ್ಪು ಬಿಯರು, ದುಬ್ಬೆಲ್ ಅಂತ ಹೆಸರು, ಆಮೇಲೆ ಲೋಕಕ್ಕೆಲ್ಲ ಮಾದರಿಯಾಯಿತು. ಅದಕ್ಕೆ ಕಪ್ಪು ಬರುವುದು ಹೆಚ್ಚಾಗಿ ಸಕ್ಕರೆ ಪಾಕವನ್ನು ಕಂದು ಬಣ್ಣ ಬರುವವರೆಗೆ ಕಾಯಿಸಿ ಸೇರಿಸುವುದರಿಂದ. ಒಣಹಣ್ಣು, ಲವಂಗದ ವಾಸನೆ ಕೊಡುವುದು ಅವರ ಹುದುಗು, ಅಂದರೆ ಯೀಸ್ಟು. 2016ರಲ್ಲಿ ಯುನೆಸ್ಕೋ ಬೆಲ್ಜಿಯಂನ ಬಿಯರ್ ಸಂಸ್ಕೃತಿಯನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ದೇಶ ಎಷ್ಟು ದೊಡ್ಡದು ಅನ್ನುತ್ತೀರಿ? ಚಿತ್ರದುರ್ಗ, ತುಮಕೂರು, ಹಳೇ ಬಳ್ಳಾರಿ ಜಿಲ್ಲೆ ಮೂರನ್ನೂ ಕೂಡಿಸಿದರೆ ಅದಕ್ಕಿಂತ ಸ್ವಲ್ಪ ಚಿಕ್ಕದಾದೀತು, ಅಷ್ಟೆ.

ನನ್ನ ತಲೆ ಕೆಡಿಸಿದ್ದು ಬೆಲ್ಜಿಯಂ ಅಲ್ಲ. ಗ್ಲಾಸು ಇಡುತ್ತಾ ಸರ್ವರ್ ಹುಡುಗ ಹೇಳಿದ ಒಂದು ಮಾತು. “ಟ್ಯಾಂಕಿಂದ ನೇರ ಗ್ಲಾಸಿಗೆ ಸರ್. ಇಲ್ಲೇ ಮಾಡಿದ್ದು, ಕೆಮಿಕಲ್ ಏನೂ ಇಲ್ಲ, ಫ್ರೆಶ್ ಆಗಿ ಇಲ್ಲೇ ಕುಡೀಬೇಕು.”

ಈ ಮಾತು ನಾನು ಎಲ್ಲೋ ಕೇಳಿದ್ದೆನಲ್ಲ! ನಮ್ಮೂರ ಹಳ್ಳದ ದಂಡೆಯ ಈಚಲ ವನದಲ್ಲಿ ಸೊಂಟಕ್ಕೆ ಹಗ್ಗ ಬಿಗಿದು, ಬಾಗಿದ ಕತ್ತಿ ಸಿಕ್ಕಿಸಿಕೊಂಡು ಮರದಿಂದ ಇಳಿಯುತ್ತಿದ್ದ ಈಡಿಗರ ಅಜ್ಜನೂ ಇದನ್ನೇ ಹೇಳುತ್ತಿದ್ದ. “ಮರದಿಂದ ಈಗ್ಲೇ ಇಳಿಸಿದ್ದು. ಹೊತ್ತೇರಿದ್ರೆ ಹುಳಿಯಾಗ್ತದೆ, ಇಲ್ಲೇ ಕುಡೀಬೇಕು.” ಒಂದು ಮರ, ಒಂದು ಮಡಕೆ, ರಾತ್ರಿಯಿಡೀ ತೊಟ್ಟಿಕ್ಕಿದ ಎರಡು ಮೂರು ಲೀಟರು ಸಿಹಿರಸ. ಗಾಳಿಯಲ್ಲೇ ಇರುವ ಹುದುಗು ತಾನಾಗಿ ಹಿಡಿಯುತ್ತದೆ. ಮಧ್ಯಾಹ್ನದ ಹೊತ್ತಿಗೆ ಸಾಮಾನ್ಯ ಬಿಯರಿನಷ್ಟು ಅಮಲು, ಮಾರನೇ ದಿನಕ್ಕೆ ಹುಳಿ. ಬೆಲ್ಜಿಯಂನಲ್ಲೂ ಬ್ರಸೆಲ್ಸ್ ಸುತ್ತಮುತ್ತ ಲಾಂಬಿಕ್ ಎಂಬ ಬಿಯರಿದೆ. ರಸವನ್ನು ರಾತ್ರಿಯಿಡೀ ಅಗಲ ತೊಟ್ಟಿಯಲ್ಲಿ ತೆರೆದಿಟ್ಟು ಗಾಳಿಯ ಹುದುಗನ್ನೇ ಹಿಡಿಸುತ್ತಾರೆ. ಅಲ್ಲಿ ಅದಕ್ಕೆ ಪ್ರವಾಸಿಗಳು ವಿಮಾನ ಹತ್ತಿ ಬರುತ್ತಾರೆ. ನಮ್ಮಲ್ಲಿ ಅದನ್ನೇ ಮಾಡಿದರೆ ಅಬಕಾರಿ ಜೀಪು ಬರುತ್ತದೆ.

ಬೆಂಗಳೂರಿನವರಿಗೆ ಈ ಬ್ರೂಪಬ್ ಹಳೆಯ ಸುದ್ದಿ, ನನಗೆ ಗೊತ್ತು. 2010–11ರ ಸುಮಾರಿಗೇ ಇಂದಿರಾನಗರದ ಟಾಯ್ಟ್, ಲ್ಯಾವೆಲ್ ರಸ್ತೆಯ ಬಿಯೆರ್ ಕ್ಲಬ್ ಬಂದವು. ಬೆಂಗಳೂರಿನ ಗೈಸ್ಟ್ ಕಂಪನಿ ಮೊದಮೊದಲು ತನ್ನ ಬಿಯರನ್ನು ಬೆಲ್ಜಿಯಂನಲ್ಲೇ ಮಾಡಿಸಿ ಹಡಗಿನಲ್ಲಿ ತರಿಸುತ್ತಿತ್ತು. ಆಮೇಲೆ ಹಳೇ ಮದ್ರಾಸ್ ರಸ್ತೆಯಲ್ಲಿ ಸ್ವಂತ ಘಟಕ ಹಾಕಿತು. ಬೀರಾ ಕೂಡ 2015ರಲ್ಲಿ ಶುರುವಾದದ್ದು ಬೆಲ್ಜಿಯಂನಲ್ಲಿ ಮಾಡಿಸಿ ತಂದ ಬಿಯರಿನಿಂದಲೇ. ಯಾವ ತಪ್ಪೂ ಇಲ್ಲ. ಕಷ್ಟಪಟ್ಟು ಕಲಿತು, ಬಂಡವಾಳ ಹಾಕಿ, ಶುದ್ಧವಾಗಿ ಮಾಡಿ ಮಾರುತ್ತಾರೆ. ಅವರಿಗೆ ಅನುಕೂಲವಾಗಲೆಂದು ಕರ್ನಾಟಕ ಸರ್ಕಾರ ಕಿರು ಬ್ರೂವರಿ ಎಂದು ಬೇರೆ ಲೈಸೆನ್ಸು ಮಾಡಿತು. ತೆಲಂಗಾಣವೂ 2015ರಲ್ಲಿ ನಿಯಮ ತಂದಿತು. ನನ್ನ ತಕರಾರು ಇಷ್ಟೇ: ಇಲ್ಲೇ ಮಾಡಿ ಇಲ್ಲೇ ಮಾರುವ ಸಣ್ಣ ಪ್ರಮಾಣದ ಹುದುಗಿನ ಪಾನೀಯಕ್ಕೆ ನಿಯಮ ಮಾಡಲು ಬರುತ್ತದೆ ಎಂದಾದರೆ, ಅದು ಈಚಲ ಮರದ ಬುಡಕ್ಕೆ ಯಾಕೆ ಬರುವುದಿಲ್ಲ?

ಕರಾವಳಿಯಲ್ಲಿ ತೆಂಗು, ತಾಳೆಯ ಕಳ್ಳಿಗೆ ಅವಕಾಶವಿದೆ. ಮಂಗಳೂರಿಗೆ ಹೋದವರು ಮೀನಿನ ಊಟದ ಜೊತೆ ಕುಡಿದು ಬಂದು ಕಥೆ ಹೇಳುತ್ತಾರೆ. ನಮ್ಮ ಬಯಲುಸೀಮೆಯಲ್ಲಿ ಮಾತ್ರ ಈ ಶತಮಾನದ ಮೊದಲ ದಶಕದಲ್ಲೇ ಹೆಂಡ ನಿಂತಿತು. 2007ರ ಜುಲೈ 1ರಿಂದ ಸಾರಾಯಿಯೂ ನಿಂತಿತು. ಸಾರಾಯಿ ಹೋದದ್ದಕ್ಕೆ ನನ್ನ ತಕರಾರಿಲ್ಲ, ಆ ವಿಷ ಎಷ್ಟು ಮನೆ ಹಾಳುಮಾಡಿದೆ ಅಂತ ಹಳ್ಳಿಯ ಬ್ರಾಂಚುಗಳಲ್ಲಿ ಕೂತು ನೋಡಿದ್ದೇನೆ. ಆದರೆ ಹಳ್ಳಿಯವನು ಕುಡಿಯುವುದನ್ನು ಬಿಟ್ಟನೇ? ವೈನ್ ಶಾಪಿಗೆ ಹೋಗಿ ವಿಸ್ಕಿ ಪೌಚು ತಂದ. ರಾಜ್ಯದ 2025–26ರ ಬಜೆಟ್ಟಿನಲ್ಲಿ ಅಬಕಾರಿಯಿಂದ ಬರಬೇಕಾದ ವರಮಾನದ ಗುರಿ 40,000 ಕೋಟಿ ರೂಪಾಯಿ. ಎಂಕಾಂ ಓದಿದವನಿಗೆ ಈ ಜಮಾಖರ್ಚು ಅರ್ಥವಾಗುತ್ತದೆ. ಮರದ ಹೆಂಡದಲ್ಲಿ ಸರ್ಕಾರಕ್ಕೆ ಸಿಗುವುದು ಚಿಲ್ಲರೆ, ಬಾಟಲಿಯಲ್ಲಿ ಸಿಗುವುದು ನೋಟು.

“ನಿಮ್ಮ ಜಿಲ್ಲೆಯವರೇ ಅಲ್ಲವೇನ್ರೀ ಈಚಲ ಮರ ಕಡಿದವರು?” ಅಂತ ಯಾರಾದರೂ ಕೇಳಬಹುದು. ಹೌದು. 1939ರಲ್ಲಿ ಚಿತ್ರದುರ್ಗದ ಹತ್ತಿರದ ತುರುವನೂರಿನಲ್ಲಿ ಸತ್ಯಾಗ್ರಹಿಗಳು ಈಚಲ ಮರಗಳನ್ನು ಕಡಿದರು. ಮುಂದೆ ಮುಖ್ಯಮಂತ್ರಿಯಾದ ನಿಜಲಿಂಗಪ್ಪನವರು ಆ ಚಳವಳಿಗಾಗಿ ಜೈಲಿಗೆ ಹೋದರು. ನಮ್ಮ ತಾತನೂ ಆ ಗುಂಪಿನಲ್ಲಿದ್ದರು. ಅವರ ಕೊಡಲಿ ನಮ್ಮ ಮನೆಯ ಅಟ್ಟದ ಮೇಲೆ ಬಹಳ ವರ್ಷ ಇತ್ತು. ಅಜ್ಜಿ ಅದರಲ್ಲಿ ಸೌದೆ ಸೀಳಲು ಬಿಡುತ್ತಿರಲಿಲ್ಲ. ತಾತನ ಮೇಲೆ ನನಗೆ ಗೌರವ ಕಡಿಮೆಯಾಗಿಲ್ಲ. ಅವರಿಗೆ ಮದ್ಯವೇ ಬೇಡವಾಗಿತ್ತು. ಶ್ರೀಮಂತರ ವಿಸ್ಕಿಯೂ ಬೇಡ, ಬಡವರ ಹೆಂಡವೂ ಬೇಡ. ಹೆಂಡದ ಗುತ್ತಿಗೆಯಿಂದ ಖಜಾನೆ ತುಂಬುವ ಸರ್ಕಾರದ ಮೇಲೆ ಅವರ ಕೊಡಲಿ ಬಿದ್ದದ್ದು. ಇಂದಿನ ಸರ್ಕಾರಗಳು ತಾತನ ಕೊಡಲಿಯನ್ನು ಅರ್ಧ ಮಾತ್ರ ಎತ್ತಿಕೊಂಡಿವೆ. ಮರಕ್ಕೆ ಹೊಡೆದಿವೆ, ಖಜಾನೆಯನ್ನು ಮುಟ್ಟಿಲ್ಲ. ಪೂರ್ತಿ ಪಾನನಿರೋಧ ಮಾಡುತ್ತೀರೋ, ಮಾಡಿ. ನಾನೂ ಆ ಕಪ್ಪು ಏಲ್ ಬಿಟ್ಟು ನಿಮ್ಮ ಜೊತೆ ನಿಲ್ಲುತ್ತೇನೆ. ಅದಾಗದಿದ್ದರೆ ಮರ ಹತ್ತುವವನ ಹೊಟ್ಟೆಗೊಂದು ನ್ಯಾಯ, ಟ್ಯಾಂಕು ಕೂರಿಸುವವನಿಗೊಂದು ನ್ಯಾಯ ಅನ್ನಬೇಡಿ.

ಇಷ್ಟು ದೊಡ್ಡ ಮಾತಾಡುವ ಮೊದಲು ನನ್ನ ಖಾತೆಯನ್ನೂ ತೆರೆದು ತೋರಿಸಬೇಕು.

1989ರಲ್ಲಿ ನಾನು ತುಮಕೂರು ಜಿಲ್ಲೆಯ ಒಂದು ಹಳ್ಳಿ ಶಾಖೆಯಲ್ಲಿ ಫೀಲ್ಡ್ ಆಫೀಸರು. ಆಗ ಹೆಂಡವನ್ನು ಹರಾಜಿನಲ್ಲಿ ಗುತ್ತಿಗೆಗೆ ಕೊಡುತ್ತಿದ್ದರು. ಗುತ್ತಿಗೆದಾರ ಹಣವಂತ, ಮರ ಹತ್ತುವವರು ಅವನ ಕೂಲಿಗಳು. ಒಂದು ದಿನ ಆರು ಜನ ಈಡಿಗರು ಬಂದರು. ತಾವೇ ಸೊಸೈಟಿ ಮಾಡಿಕೊಂಡು ಹರಾಜಿನಲ್ಲಿ ಕೂಗುತ್ತೇವೆ, ಠೇವಣಿಗೆ ಸಾಲ ಬೇಕು ಅಂದರು. ಕಾಗದಪತ್ರ ನೀಟಾಗಿತ್ತು. ಅವರಲ್ಲಿ ಒಬ್ಬ ಏಳನೇ ಕ್ಲಾಸಿನವರೆಗೆ ಓದಿದವನು ಲೆಕ್ಕವನ್ನು ಪೆನ್ಸಿಲಿನಲ್ಲಿ ಬರೆದು ತಂದಿದ್ದ. ಮರ ಎಷ್ಟು, ದಿನಕ್ಕೆ ಎಷ್ಟು ಲೀಟರು, ಎಷ್ಟು ತಿಂಗಳು, ಎಷ್ಟು ಕೂಲಿ, ಎಲ್ಲ ಇತ್ತು. ಅದರ ಮೇಲೆ ಟಿಪ್ಪಣಿ ಬರೆದವನು ನಾನು. ‘ಉದ್ದೇಶವು ಸಾಮಾಜಿಕ ದೃಷ್ಟಿಯಿಂದ ಪ್ರೋತ್ಸಾಹಿಸತಕ್ಕದ್ದಲ್ಲ.’ ಒಂದೇ ಸಾಲು. ಮ್ಯಾನೇಜರು ಸಹಿ ಹಾಕಿದರು. ವಿಷಯ ಏನೆಂದರೆ, ಅದೇ ಹೆಂಡದ ಗುತ್ತಿಗೆದಾರ ನಮ್ಮ ಶಾಖೆಯ ಅತಿದೊಡ್ಡ ಠೇವಣಿದಾರ. ಅವನ ಎಫ್‌ಡಿ ಮೇಲೆ ಓವರ್‌ಡ್ರಾಫ್ಟ್ ಕೊಟ್ಟಿದ್ದೆವು, ಅದೇ ಹಣದಲ್ಲಿ ಅವನು ಹರಾಜು ಕೂಗುತ್ತಿದ್ದ. ಅರ್ಜಿ ವಾಪಸ್ ತೆಗೆದುಕೊಳ್ಳುವಾಗ ಅವರಲ್ಲಿ ಹಿರಿಯನು ಕೇಳಿದ, “ಹಂಗಾದ್ರೆ ಗುತ್ತಿಗೆದಾರ್ರ ದುಡ್ಡು ಗಂಗಾಜಲವಾ ಸಾಮಿ?” ನಾನು ಲೆಡ್ಜರು ನೋಡುತ್ತಾ ಕೂತೆ.

ಇಪ್ಪತ್ತನಾಲ್ಕು ವರ್ಷದ ನಂತರ, 2013ರಲ್ಲಿ, ಬೆಂಗಳೂರಿನ ದೊಡ್ಡ ಶಾಖೆಯಲ್ಲಿದ್ದೆ. ಒಂದು ಬ್ರೂಪಬ್ಬಿನ ಸಾಲದ ಅರ್ಜಿ ಬಂತು. ಟ್ಯಾಂಕು, ಚಿಲ್ಲರು, ಒಳಾಂಗಣ ಅಲಂಕಾರ ಸೇರಿ ಕೋಟಿಗಟ್ಟಲೆ. ಶೀರ್ಷಿಕೆ ‘ಹಾಸ್ಪಿಟಾಲಿಟಿ’. ಅದಕ್ಕೂ ಟಿಪ್ಪಣಿ ಬರೆದವನು ನಾನೇ. ಶಿಫಾರಸು ಮಾಡಿದೆ, ಸಾಲ ಸರಿಯಾಗಿ ತೀರಿತು ಕೂಡ. ಆ ಫಾರಂನಲ್ಲಿ ಸಾಮಾಜಿಕ ದೃಷ್ಟಿ ಎಂಬ ಕಾಲಮ್ಮೇ ಇರಲಿಲ್ಲ. ಆ ಕಪ್ಪು ಬಿಯರಿನ ಗ್ಲಾಸು ಕೈಯಲ್ಲಿ ಹಿಡಿದಾಗ ಈ ಎರಡು ಟಿಪ್ಪಣಿಗಳೂ ಒಟ್ಟಿಗೆ ನೆನಪಾದವು. ಎರಡು ಅರ್ಜಿಯಲ್ಲೂ ಕೇಳಿದ್ದು ಹುದುಗಿನ ವ್ಯಾಪಾರಕ್ಕೆ ಬಂಡವಾಳ. ನಾನು ನೋಡಿದ್ದು ಮಾತ್ರ ಅರ್ಜಿ ತಂದವರ ಕಾಲಲ್ಲಿ ಬೂಟಿತ್ತೋ ಇಲ್ಲವೋ ಅನ್ನುವುದನ್ನು.

ಇನ್ನು ಎದುರು ವಾದ. ಇದನ್ನು ಹಗುರ ಮಾಡುವಂತಿಲ್ಲ.

ನಮ್ಮ ಮನೆಗೆಲಸಕ್ಕೆ ಬರುವಾಕೆಯ ಗಂಡ ಕಲ್ಲು ಕಾಂಪೌಂಡಿನ ಗಿರಾಕಿ. ನಾನು ಒಮ್ಮೆ ಹೆಂಡದ ಪರ ವಾದ ಮಾಡುತ್ತಿದ್ದುದನ್ನು ಕೇಳಿಸಿಕೊಂಡು, ಪಾತ್ರೆ ತೊಳೆಯುವುದನ್ನು ನಿಲ್ಲಿಸಿ ಹೇಳಿದಳು: “ಅದಿ ಕಲ್ಲು ಕಾದು ಸಾರೂ, ಪೌಡರ್ ನೀಳ್ಳು.” ಅದು ಕಳ್ಳಲ್ಲ, ಪುಡಿ ಕಲಸಿದ ನೀರು. ಅವಳ ಮಾತು ನಿಜ. ನಗರದಲ್ಲಿ ವರ್ಷಗಟ್ಟಲೆ ಮುಚ್ಚಿದ್ದ ಕಳ್ಳಂಗಡಿಗಳು 2014ರಲ್ಲಿ ಮತ್ತೆ ತೆರೆದವು. ಆದರೆ ಅಷ್ಟು ಕಳ್ಳಿಗೆ ಬೇಕಾದ ಮರ ನಗರದ ಸುತ್ತ ಎಲ್ಲಿದೆ? ಸ್ವಲ್ಪ ಕಳ್ಳು, ಉಳಿದದ್ದು ನೀರು, ಸ್ಯಾಕರಿನ್, ಮತ್ತು ಬರಿಸುವ ಮಾತ್ರೆಯ ಪುಡಿ. 2025ರ ಜುಲೈನಲ್ಲಿ ಇದೇ ಹೈದರಾಬಾದಿನ ಕೂಕಟ್‌ಪಲ್ಲಿ ಕಡೆ ಕಲಬೆರಕೆ ಕಳ್ಳು ಕುಡಿದು ಹಲವರು ಸತ್ತರು, ಹತ್ತಾರು ಜನ ಮೂತ್ರಪಿಂಡ ಕೆಟ್ಟು ಆಸ್ಪತ್ರೆ ಸೇರಿದರು. ಅದರಲ್ಲಿದ್ದದ್ದು ನಿದ್ದೆ ಬರಿಸುವ ಆಲ್ಪ್ರಜೋಲಾಮ್. ನಮ್ಮ ರಾಯಚೂರಿನ ಜನಕ್ಕೂ ಈ ಕಥೆ ಹೊಸದಲ್ಲ. ಅವರು ಇದನ್ನು ಸಿ.ಎಚ್. ಪೌಡರ್ ಸೇಂದಿ ಅನ್ನುತ್ತಾರೆ. ಸೇಂದಿ ನಿಂತ ಜಿಲ್ಲೆಯಲ್ಲೇ ಅದು ಕದ್ದು ಮಾರಾಟವಾಗುತ್ತಿದೆ.

ಹಾಗಾದರೆ ನಿಷೇಧವೇ ಸರಿ ಅನ್ನುತ್ತೀರಾ? ಸ್ವಲ್ಪ ನಿಲ್ಲಿ. ಸತ್ತವರನ್ನು ಕೊಂದದ್ದು ಮರದ ರಸವಲ್ಲ, ಮರ ಇಲ್ಲದ ಕಡೆ ಮಾರಿದ ಕಳ್ಳು. ಬ್ರೂಪಬ್ಬಿನ ಟ್ಯಾಂಕಿಗೆ ಪ್ರಮಾಣದ ಮಿತಿ ಇದೆ, ಅಳತೆ ಇದೆ, ಸ್ಯಾಂಪಲ್ ತೆಗೆಯುವ ಇನ್‌ಸ್ಪೆಕ್ಟರ್ ಇದ್ದಾರೆ. ಕಳ್ಳಿಗೆ ತೆಲಂಗಾಣದಲ್ಲಿ ಲೈಸೆನ್ಸು ಇದೆ, ಕಣ್ಣಿಡುವವರು ಸಾಲದು. ನಮ್ಮ ಬಯಲುಸೀಮೆಯಲ್ಲಿ ಎರಡೂ ಇಲ್ಲ. ಒಂದು ಕಡೆ ಅಸಡ್ಡೆ, ಇನ್ನೊಂದು ಕಡೆ ನಿಷೇಧ. ಎರಡರಿಂದಲೂ ಲಾಭ ಪುಡಿ ಮಾರುವವನಿಗೆ.

ಇಲ್ಲಿ ಬೆಲ್ಜಿಯಂನಿಂದ ಕಲಿಯಬೇಕಾದದ್ದು ಒಂದಿದೆ. ಅದು ಮೆನು ಕಾರ್ಡಿನಲ್ಲಿ ಇರಲಿಲ್ಲ. 1919ರಲ್ಲಿ ಆ ದೇಶವೂ ಒಂದು ನಿಷೇಧ ತಂದಿತು. ವಾಂಡರ್‌ವೆಲ್ಡೆ ಎಂಬ ಸಮಾಜವಾದಿ ಮಂತ್ರಿ ಕಾರ್ಮಿಕರ ಮನೆ ಉಳಿಸಲು ಮಾಡಿದ ಕಾನೂನು. ಕುಡಿಯುವ ಅಂಗಡಿಗಳಲ್ಲಿ ಭಟ್ಟಿ ಇಳಿಸಿದ ಮದ್ಯ ಮಾರಕೂಡದು. ಅರವತ್ತಕ್ಕೂ ಹೆಚ್ಚು ವರ್ಷ ಅದು ಜಾರಿಯಲ್ಲಿತ್ತು. ಆದರೆ ಹುದುಗಿನ ಬಿಯರನ್ನು ಅವರು ಮುಟ್ಟಲಿಲ್ಲ. ಆ ಗಟ್ಟಿ ಬಿಯರುಗಳು ಬೆಳೆದದ್ದಕ್ಕೆ ಈ ಕಾನೂನೂ ಒಂದು ಕಾರಣ ಎನ್ನುತ್ತಾರೆ. ಭಟ್ಟಿಗೂ ಹುದುಗಿಗೂ ಇರುವ ವ್ಯತ್ಯಾಸ ಅವರಿಗೆ ಗೊತ್ತಿತ್ತು. ನಾವು ಮಾಡಿದ್ದು ತಿರುಗುಮುರುಗು. ಹುದುಗಿನ ಹೆಂಡ ನಿಲ್ಲಿಸಿ, ಭಟ್ಟಿಯ ವಿಸ್ಕಿ, ಬ್ರಾಂದಿಯನ್ನು ಊರೂರಿಗೆ ತಲುಪಿಸಿದೆವು.

ನಾನು ಕೇಳುತ್ತಿರುವುದು ಹಳೇ ಗುತ್ತಿಗೆ ಪದ್ಧತಿಯಲ್ಲ. ಅದು ಬರಲೇಕೂಡದು. ಲೈಸೆನ್ಸು ಮರ ಹತ್ತುವವನ ಹೆಸರಿಗೆ, ಇಲ್ಲವೇ ಅವರ ಸೊಸೈಟಿಯ ಹೆಸರಿಗೆ ಇರಲಿ. ಪ್ರತಿ ಮರಕ್ಕೆ ನಂಬರು ಹಾಕಿ. ಇಳಿಸಿದ ಊರಿನಲ್ಲೇ, ಸಂಜೆಯೊಳಗೆ ಮಾರಲಿ. ಲಾರಿ ಹತ್ತಿಸಿ ಪೇಟೆಗೆ ಕಳಿಸುವ ಹಾಗಿಲ್ಲ. ಮರದ ಲೆಕ್ಕಕ್ಕಿಂತ ಒಂದು ಲೀಟರು ಹೆಚ್ಚು ಮಾರಿದರೂ ಕಲಬೆರಕೆ ಎಂದೇ ತಿಳಿಯಿರಿ. ಬ್ರೂಪಬ್ಬಿನಿಂದ ಸ್ಯಾಂಪಲ್ ತೆಗೆಯುವ ಅದೇ ಇನ್‌ಸ್ಪೆಕ್ಟರು ಈಚಲ ವನಕ್ಕೂ ಬರಲಿ. ಎಲ್ಲಕ್ಕಿಂತ ಮೊದಲು, ಆ ಊರಿನ ಹೆಂಗಸರು ಗ್ರಾಮಸಭೆಯಲ್ಲಿ ಬೇಡ ಅಂದರೆ ಅಲ್ಲಿಗೆ ಮುಗಿಯಿತು. 1992ರಲ್ಲಿ ನೆಲ್ಲೂರು ಜಿಲ್ಲೆಯ ದೂಬಗುಂಟದ ಹೆಂಗಸರು ಸಾರಾಯಿ ಅಂಗಡಿ ಮುಚ್ಚಿಸಿ ಇಡೀ ಆಂಧ್ರವನ್ನು ಅಲುಗಾಡಿಸಿದವರು. ಆ ಹಕ್ಕನ್ನು ಕಿತ್ತುಕೊಂಡು ಯಾರ ಕಸುಬೂ ಉದ್ಧಾರವಾಗಬೇಕಿಲ್ಲ. ನಮ್ಮ ಮನೆಗೆಲಸದಾಕೆಗೆ ಇಷ್ಟನ್ನೂ ವಿವರಿಸಿದೆ. “ಪುಡಿ ಇಲ್ಲದಿದ್ದರೆ ಅವನು ಮಧ್ಯಾಹ್ನಕ್ಕಾದರೂ ಎದ್ದು ಕೆಲಸಕ್ಕೆ ಹೋದಾನು” ಅಂದಳು. ಹೊಗಳಿಕೆ ಅಂತ ಅದನ್ನು ತೆಗೆದುಕೊಳ್ಳುವಂತಿಲ್ಲ. ಆದರೂ ಬರೆದಿಟ್ಟುಕೊಂಡೆ.

ಪ್ರತಿ ನವೆಂಬರಿನಲ್ಲಿ ನಾವು ಕಾಚಿಗೂಡದ ಕರ್ನಾಟಕ ಸಾಹಿತ್ಯ ಮಂದಿರದ ಕಡೆ ಹೋಗುತ್ತೇವೆ. ಹೊರನಾಡಿನವರಿಗೆ ಅದೇ ತವರು. ರಾಜ್ಯೋತ್ಸವದಲ್ಲಿ ಯಾರಾದರೊಬ್ಬರು ‘ರತ್ನನ ಪದಗಳು’ ಹಾಡಿಯೇ ಹಾಡುತ್ತಾರೆ. ಒಂದು ಹನಿ ಮುಟ್ಟದ ರಾಜರತ್ನಂ ಅವರು ಒಬ್ಬ ಹೆಂಡಗುಡುಕನ ಬಾಯಲ್ಲಿ ಕನ್ನಡದ ಅಭಿಮಾನ ಇಟ್ಟರು. ನಾವು ರೇಷ್ಮೆ ಶಲ್ಯ ಹೊದ್ದು ಚಪ್ಪಾಳೆ ತಟ್ಟುತ್ತೇವೆ. ಆ ರತ್ನ ಇವತ್ತು ತುಮಕೂರಿನಲ್ಲೋ ಚಳ್ಳಕೆರೆಯಲ್ಲೋ ಇದ್ದಿದ್ದರೆ ಅವನಿಗೆ ಹೆಂಡ ಸಿಗುತ್ತಿತ್ತೇ ಅಂತ ಯಾರೂ ಕೇಳುವುದಿಲ್ಲ. ಬೆಲ್ಜಿಯನ್ ಏಲ್ ಕುಡಿಯುವಷ್ಟು ಸಂಬಳ ಅವನಿಗಂತೂ ಇರಲಿಲ್ಲ.

ಹೋದ ಸಂಕ್ರಾಂತಿಗೆ ಊರಿಗೆ ಹೋದಾಗ ಹಳ್ಳದ ದಂಡೆಗೆ ಹೋಗಿ ನೋಡಿದೆ. ಈಚಲ ವನದಲ್ಲಿ ಮುಕ್ಕಾಲು ಪಾಲು ಮರಳು ಲಾರಿಗಳ ದಾರಿಯಾಗಿದೆ. ಉಳಿದ ಮರಗಳಿಂದ ಪೊರಕೆಗೆ ಗರಿ ಕೊಯ್ಯುತ್ತಾರೆ. ಮರ ಹತ್ತಲು ಬರುವವರು ಊರಲ್ಲಿ ಇಬ್ಬರು ಉಳಿದಿದ್ದಾರಂತೆ, ಇಬ್ಬರೂ ನನಗಿಂತ ದೊಡ್ಡವರು. ಅವರ ಜೊತೆ ಆ ವಿದ್ಯೆಯೂ ಹೋಗುತ್ತದೆ. ಆಮೇಲೆ ಯಾರೋ ಒಬ್ಬರು ಹೊರದೇಶದಲ್ಲಿ ಕಲಿತು ಬಂದು, ಗಾಜಿನ ಕಟ್ಟಡದಲ್ಲಿ ‘ಕ್ರಾಫ್ಟ್ ಈಚಲು’ ಅಂತ ಐನೂರು ರೂಪಾಯಿಗೆ ಮಾರಿದರೆ, ಮೆನುವಿನಲ್ಲಿ ನಮ್ಮ ಈಡಿಗರ ಅಜ್ಜನ ಪುರಾಣವನ್ನು ಬರೆದರೂ ಬರೆಯಬಹುದು. ಆಗ ನಾನೂ ಹೋಗಿ ಕುಡಿದು ಬರುತ್ತೇನೇನೋ. ಅದಕ್ಕೇ ಈಗಲೇ ಹೇಳುತ್ತಿದ್ದೇನೆ.

1989ರ ನನ್ನ ಟಿಪ್ಪಣಿಯನ್ನು ತಿದ್ದುವ ಅಧಿಕಾರ ನನಗೀಗ ಇಲ್ಲ. ನನ್ನ ವೋಟೂ ಈಗ ದಿಲ್‌ಸುಖ್‌ನಗರದ ಪಟ್ಟಿಯಲ್ಲಿದೆ, ಕರ್ನಾಟಕದಲ್ಲಿ ಇಲ್ಲ. ನಿಮ್ಮದು ಅಲ್ಲೇ ಇದೆ. ಮುಂದಿನ ಸಲ ನಿಮ್ಮ ಎಂಎಲ್‌ಎ ಮನೆ ಬಾಗಿಲಿಗೆ ಬಂದಾಗ, ಆ ಹಿರಿಯನು ನನ್ನನ್ನು ಕೇಳಿದ ಪ್ರಶ್ನೆಯನ್ನೇ ಅವರಿಗೆ ಕೇಳಿ. ನಾನು ಲೆಡ್ಜರು ನೋಡಿದ ಹಾಗೆ ಅವರು ಮೊಬೈಲು ನೋಡುತ್ತಾ ನಿಂತರೆ, ಇನ್ನೊಂದು ಸಲ ಕೇಳಿ.